ಅತಿ ಗಟ್ಟಿಯ ರಾಡು ಉದುರಿದ್ದೇಕೆ?

ಕಲ್ಲು ಕ್ವಾರಿಯ ಹತ್ತಿರ ವೆಲ್ಡಿಂಗ್ ಅಂಗಡಿ ಇಟ್ಟಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಒಂದು ಸಂಜೆ ಮನೆಗೆ ಬಂದ. ಕೈಯಲ್ಲಿ ಲೋಹದ ದಪ್ಪ ಚೂರೊಂದಿತ್ತು.

“ಸಾರ್, ಜಲ್ಲಿ ಕ್ರಷರ್‌ನ ದವಡೆ ಪ್ಲೇಟು ಸವೆದಿತ್ತು. ಅಂಗಡಿಯಲ್ಲಿ ಸಿಗೋ ಅತಿ ಗಟ್ಟಿ ರಾಡೇ ತಂದು ನಾಲ್ಕೈದು ಪದರ ಹಾಕಿದೆ. ನಾಲ್ಕೇ ದಿನಕ್ಕೆ ಹೀಗೆ ಎದ್ದು ಬಂತು. ಮಾಲೀಕರು ದುಡ್ಡು ಕೊಡೋಲ್ಲ ಅಂತಾರೆ.”

ಸವೆಯುವ ಜಾಗಕ್ಕೆ ಗಟ್ಟಿ ಲೋಹವನ್ನು ಕರಗಿಸಿ ಹಚ್ಚುವ ಈ ಕೆಲಸಕ್ಕೆ ಹಾರ್ಡ್‌ಫೇಸಿಂಗ್ ಎನ್ನುತ್ತಾರೆ. ಹುಡುಗ ಕೆಲಸಗಳ್ಳನಲ್ಲ, ರಾಡೂ ಕಳಪೆಯದಲ್ಲ. ಆ ಪ್ಲೇಟಿಗೆ ಆ ರಾಡು ಹೊಂದುವಂಥದ್ದಾಗಿರಲಿಲ್ಲ, ಅಷ್ಟೆ.

ಲೋಹ ಸವೆಯುವುದು ಹೇಗೆ ಎಂಬುದನ್ನು ಮೊದಲು ನೋಡಬೇಕು. ನೇಗಿಲ ಕುಳವನ್ನು ತೆಗೆದುಕೊಳ್ಳಿ. ಮರಳಿನಲ್ಲಿರುವ ಕ್ವಾರ್ಟ್ಸ್ ಕಣ ಮೋಸ್ ಮಾಪಕದಲ್ಲಿ 7ನೆಯ ಸ್ಥಾನದ್ದು. ಸಾಮಾನ್ಯ ಕಬ್ಬಿಣದ ಮೊಳೆ 4 ಅಥವಾ 5ರ ಆಸುಪಾಸು. ಹಾಗಾಗಿ ಪ್ರತಿ ಸಾಲಿಗೂ ಮರಳು ಕುಳವನ್ನು ಗೀಚುತ್ತಲೇ ಹೋಗುತ್ತದೆ. ಇಲ್ಲಿ ಕ್ರೋಮಿಯಂ ಕಾರ್ಬೈಡ್ ರಾಡು ಒಳ್ಳೆಯದು, ಏಕೆಂದರೆ ಆ ಕಾರ್ಬೈಡ್ ಹರಳು ಕ್ವಾರ್ಟ್ಸ್‌ಗಿಂತ ಗಟ್ಟಿ. ಅದನ್ನೂ ಕುಳದ ಒಂದೇ ಮಗ್ಗುಲಿಗೆ ತೆಳ್ಳಗೆ ಹಚ್ಚುವುದು ಜಾಣತನ. ಇನ್ನೊಂದು ಮಗ್ಗುಲು ಬೇಗ ಸವೆದು ಅಂಚು ತಾನಾಗಿಯೇ ಚೂಪಾಗಿ ಉಳಿಯುತ್ತದೆ. ಇಲಿಯ ಬಾಚಿಹಲ್ಲಿನಲ್ಲೂ ಇದೇ ಏರ್ಪಾಡು: ಗಟ್ಟಿ ಎನಾಮೆಲ್ ಇರುವುದು ಮುಂಭಾಗದಲ್ಲಿ ಮಾತ್ರ.

ಕ್ರಷರ್‌ನ ಕಥೆ ಬೇರೆ. ಅಲ್ಲಿ ಉಜ್ಜುವಿಕೆಯ ಜೊತೆಗೆ ಬಂಡೆಯ ಪೆಟ್ಟೂ ಇದೆ. ಗಾಜಿನ ಚೂರು ತಾಮ್ರದ ತಂಬಿಗೆಯನ್ನು ಗೀಚಬಲ್ಲದು. ಆದರೆ ಎರಡನ್ನೂ ನೆಲಕ್ಕೆ ಬೀಳಿಸಿ ನೋಡಿ, ತಂಬಿಗೆ ನೆಗ್ಗುತ್ತದೆ, ಗಾಜು ಒಡೆಯುತ್ತದೆ. ಕ್ರೋಮಿಯಂ ಕಾರ್ಬೈಡಿನ ಪದರವೂ ಗಾಜಿನ ಜಾತಿಯದೇ. ತಣ್ಣಗಾಗುವಾಗಲೇ ಅದರಲ್ಲಿ ಕೂದಲೆಳೆಯಂಥ ಬಿರುಕುಗಳು ಅಡ್ಡಡ್ಡ ಬೀಳುತ್ತವೆ. ಕುಳದಲ್ಲಿ ಇದು ದೋಷವಲ್ಲ. (ಗಿರಾಕಿಗಳು ಇದನ್ನು ಕಂಡು ಜಗಳಕ್ಕೆ ನಿಲ್ಲುವುದುಂಟು.) ಆದರೆ ನಾಲ್ಕೈದು ಪದರ ಪೇರಿಸಿ ಮೇಲೆ ಬಂಡೆ ಅಪ್ಪಳಿಸಿದರೆ ಚಕ್ಕೆ ಏಳದೆ ಇನ್ನೇನು? ಮೊದಲ ಪದರ ಕೆಳಗಿನ ಲೋಹದೊಡನೆ ಬೆರೆಯುವುದರಿಂದ ಪೊಟ್ಟಣದ ಮೇಲೆ ಬರೆದ ಗಡಸುತನ ಸಾಮಾನ್ಯವಾಗಿ ಎರಡನೆಯ ಪದರದಲ್ಲಿ ಸಿಗುತ್ತದೆ ಎಂಬುದು ನಿಜ. ಹಾಗೆಂದು ಪದರ ಹೆಚ್ಚಿಸುತ್ತಾ ಹೋಗುವಂತಿಲ್ಲ.

ದವಡೆ ಪ್ಲೇಟು ಯಾವ ಲೋಹದ್ದು ಎಂದು ಕೇಳಿದೆ. “ಉಕ್ಕು, ಸಾರ್” ಎಂದ. ಮೇಜಿನ ಮೇಲಿದ್ದ ದಂಡಕಾಂತವನ್ನು ಕೊಟ್ಟು, ಸವೆಯದ ಜಾಗಕ್ಕೆ ಹಿಡಿದು ನೋಡು ಎಂದು ಕಳಿಸಿದೆ. ಮರುದಿನ ಬಂದು, “ಅಂಟಲೇ ಇಲ್ಲ!” ಎಂದ.

ಅದು 1882ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನ ರಾಬರ್ಟ್ ಹ್ಯಾಡ್‌ಫೀಲ್ಡ್ ಕಂಡುಹಿಡಿದ ಮ್ಯಾಂಗನೀಸ್ ಉಕ್ಕು. ಅದರಲ್ಲಿ ಶೇಕಡಾ 12ರಷ್ಟು ಮ್ಯಾಂಗನೀಸ್, ಶೇಕಡಾ 1ಕ್ಕೆ ತುಸು ಮೇಲೆ ಇಂಗಾಲ. ಹೊಸದಾಗಿದ್ದಾಗ ಅದರ ಗಡಸುತನ ಬ್ರಿನೆಲ್ ಮಾಪಕದಲ್ಲಿ ಸುಮಾರು 200, ಅಂದರೆ ಮೆತ್ತಗೇ ಸರಿ. ಪೆಟ್ಟು ಬಿದ್ದಂತೆಲ್ಲ ಮೇಲ್ಮೈಯ ಹರಳುಗಳ ಜೋಡಣೆ ಕದಲಿ, ಸಿಕ್ಕುಸಿಕ್ಕಾಗಿ, ಗಡಸುತನ 500 ದಾಟಬಹುದು. ಒಳಗಿನ ಭಾಗ ಮಾತ್ರ ಮೊದಲಿನಂತೆ ಪೆಟ್ಟು ತಾಳಿಕೊಳ್ಳುತ್ತದೆ. ರೈಲು ಹಳಿಗಳು ಅಡ್ಡಹಾಯುವ ಕಡೆ ಇದನ್ನು ಬಳಸುವುದೂ ಇದಕ್ಕೇ.

ಇದಕ್ಕೆ ಮ್ಯಾಂಗನೀಸ್ ರಾಡನ್ನೇ ಹಚ್ಚಬೇಕು. ಹಚ್ಚುವ ಕ್ರಮವೂ ತಲೆಕೆಳಗು. ಇಂಗಾಲ ಹೆಚ್ಚಿರುವ ಸಾಧಾರಣ ಉಕ್ಕನ್ನು ವೆಲ್ಡಿಂಗಿಗೆ ಮುಂಚೆ ಕಾಯಿಸಿಕೊಳ್ಳುತ್ತೇವೆ, ಇಲ್ಲವಾದರೆ ಬಿರುಕು ಬಿಡುತ್ತದೆ. ಮ್ಯಾಂಗನೀಸ್ ಉಕ್ಕನ್ನು ಕಾಯಲು ಬಿಡಬಾರದು. ವೆಲ್ಡಿಂಗಿನ ಅಕ್ಕಪಕ್ಕದ ಲೋಹ 260 ಡಿಗ್ರಿ ಸೆಲ್ಸಿಯಸ್ ದಾಟಿ ಹಾಗೇ ಉಳಿದರೆ ಹರಳುಗಳ ಅಂಚಿನಲ್ಲಿ ಕಾರ್ಬೈಡ್ ಕೂಡಿಕೊಂಡು ಇಡೀ ಪ್ಲೇಟೇ ಪೆಡಸಾಗುತ್ತದೆ. ಆದ್ದರಿಂದ ಗಿಡ್ಡ ಗಿಡ್ಡ ಗೆರೆ ಎಳೆದು, ಜಾಗ ಬದಲಿಸುತ್ತಾ, ತಣಿಯಲು ಬಿಟ್ಟು ಮುಂದುವರಿಯಬೇಕು.

ಅವನು ಬಿರುಕುಬಿಟ್ಟ ಪದರವನ್ನೆಲ್ಲ ಉಜ್ಜಿ ತೆಗೆದು, ಎರಡು ದಿನ ಕೂತು ತನ್ನ ಖರ್ಚಿನಲ್ಲೇ ಹೊಸದಾಗಿ ಹಚ್ಚಿದ. ತಿಂಗಳ ಮೇಲೆ ಸಿಕ್ಕಾಗ ಪ್ಲೇಟು ನಿಂತಿದೆ ಎಂದ. ಮಾಲೀಕರು ಅರ್ಧ ಹಣ ಕೊಟ್ಟಿದ್ದಾರಂತೆ.