ತೀರಿಸುವುದು, ಉಳಿಸುವುದು, ಓದುವುದು: ಮನೆಗೊಂದು ಲೆಕ್ಕದ ಪುಸ್ತಕ

(ಸಂಘದ ಕಾರ್ಯದರ್ಶಿಯವರಿಂದ, ಕಂದಿಕೆರೆ)



2017ರ ಯುಗಾದಿಯ ಹಿಂದಿನ ವಾರ. ಸುಸ್ತಿ ಸಾಲಗಾರರಿಗೆ ಕಳಿಸಬೇಕಾದ ನೋಟೀಸುಗಳನ್ನು ಮನೆಗೆ ತಂದು, ಜಗಲಿಯ ಮೇಲೆ ಕುಳಿತು ವಿಳಾಸ ಬರೆಯುತ್ತಿದ್ದೆ. ಕಾಫಿ ತಂದಿಟ್ಟ ನನ್ನಾಕೆ ಆ ಕಟ್ಟನ್ನು ನೋಡಿ, "ಊರಿನವರಿಗೆಲ್ಲ ನೋಟೀಸು ಬರೀತೀರಲ್ಲ, ನಮ್ಮನೆಗೆ ಯಾರು ಬರೀಬೇಕು?" ಎಂದಳು. ನನಗೆ ಉತ್ತರ ಹೊಳೆಯಲಿಲ್ಲ. 2015 ಮತ್ತು 2016ರಲ್ಲಿ ಮಳೆ ಕೈಕೊಟ್ಟಾಗ ತೆಂಗು, ಅಡಿಕೆ ಉಳಿಸಿಕೊಳ್ಳಲು ಮೂರು ಕೊಳವೆಬಾವಿ ಕೊರೆಸಿದ್ದೆ. ಎರಡರಲ್ಲಿ ಬರೀ ಧೂಳು ಬಂತು. ಮೂರನೆಯದರಲ್ಲಿ ಒಂದೂವರೆ ಇಂಚು ನೀರು. ಆಕೆಯ ಎರಡೆಳೆ ಸರ ಅಡವಿನಲ್ಲಿತ್ತು.

ಅಂದು ರಾತ್ರಿ ಇನ್ನೂರು ಪುಟದ ಒಂದು ಲಾಂಗ್ ಬುಕ್ಕನ್ನು ತೆರೆದು, ಇದ್ದ ಸಾಲವನ್ನೆಲ್ಲ ಬರೆದೆ. ಮನಸ್ಸಿನ ಅಂದಾಜಿನಲ್ಲಿ ಎರಡೂವರೆ ಲಕ್ಷ ಎಂದುಕೊಂಡಿದ್ದೆ. ಕೂಡಿ ನೋಡಿದರೆ ನಾಲ್ಕು ಲಕ್ಷ! ಸಂಘದ ಬೆಳೆ ಸಾಲ 1,50,000, ಕೈಸಾಲ 1,20,000, ಒಡವೆ ಸಾಲ 80,000, ಕೊಬ್ಬರಿ ಮಂಡಿಯಲ್ಲಿ ತಂದ ಮುಂಗಡ 50,000. ಬಿ.ಎ. ಓದಿದವನು, ಊರಿನ ಲೆಕ್ಕ ಬರೆಯುವವನು, ಸ್ವಂತ ಲೆಕ್ಕವನ್ನು ಒಂದು ಹಾಳೆಯ ಮೇಲೆ ಇಟ್ಟಿರಲಿಲ್ಲ. ನಾಚಿಕೆಯ ಸಂಗತಿಯಾದರೂ ಇಲ್ಲಿ ಬರೆಯುತ್ತಿದ್ದೇನೆ. ಏಕೆಂದರೆ ನಮ್ಮಲ್ಲಿ ಬಹುಪಾಲು ಮನೆಗಳ ಸ್ಥಿತಿ ಇದೇ.

ಮೂರು ಕಾಲಂಗಳು

ಆ ಪುಸ್ತಕದಲ್ಲಿ ಮೂರು ಕಾಲಂ ಎಳೆದೆ: ತೀರಿಸಬೇಕಾದ್ದು, ಉಳಿಸಬೇಕಾದ್ದು, ಓದಬೇಕಾದ್ದು. ಪ್ರತಿ ಅಮಾವಾಸ್ಯೆಯಂದು ಅದನ್ನು ತೆರೆಯುವುದೆಂದು ನಿಯಮ ಮಾಡಿಕೊಂಡೆ. ನಮ್ಮ ಕಡೆ ಅಂದು ಆರು ಕಟ್ಟುವುದಿಲ್ಲ; ಮನೆಯವರೆಲ್ಲ ಮನೆಯಲ್ಲೇ ಇರುತ್ತಾರೆ. ಲೆಕ್ಕವನ್ನು ಎಲ್ಲರೆದುರು ಗಟ್ಟಿಯಾಗಿ ಓದುವುದು ಎರಡನೆಯ ನಿಯಮ. ಮುಚ್ಚಿಟ್ಟ ಸಾಲ ಬೆಳೆಯುತ್ತದೆ, ಹೇಳಿಕೊಂಡ ಸಾಲ ಕರಗುತ್ತದೆ.

"ಈ ವರ್ಷ ಸಾಲ ಕಡಿಮೆ ಮಾಡಬೇಕು" ಎಂದು ಬರೆದರೆ ಅದು ಗುರಿಯಲ್ಲ, ಬರಿಯ ಆಸೆ. "ಸಂಕ್ರಾಂತಿಯೊಳಗೆ ಅಡಿಕೆ ಹಣದಲ್ಲಿ ಕೈಸಾಲಕ್ಕೆ 40,000" ಎಂದು ಬರೆದರೆ ಅದು ಗುರಿ. ಮೊತ್ತ, ತಾರೀಖು, ಹಣದ ಮೂಲ, ಈ ಮೂರೂ ಇರಬೇಕು.

ಯಾವ ಸಾಲ ಮೊದಲು?

ದೊಡ್ಡ ಸಾಲವನ್ನು ಮೊದಲು ತೀರಿಸಬೇಕೆಂಬುದು ಸಾಮಾನ್ಯ ತಿಳಿವಳಿಕೆ. ಅದು ತಪ್ಪು. ಮೊದಲ ಸ್ಥಾನ ವಾಯಿದೆ ಇರುವ ಸಹಕಾರ ಸಂಘದ ಸಾಲಕ್ಕೆ. ನಮ್ಮ ರಾಜ್ಯದಲ್ಲಿ ಸಹಕಾರ ಸಂಘಗಳ ಮೂಲಕ ಪಡೆದ ಅಲ್ಪಾವಧಿ ಬೆಳೆ ಸಾಲಕ್ಕೆ ಶೂನ್ಯ ಬಡ್ಡಿ. 3 ಲಕ್ಷವಿದ್ದ ಮಿತಿಯನ್ನು 2023-24ರ ಆಯವ್ಯಯದಲ್ಲಿ 5 ಲಕ್ಷಕ್ಕೆ ಏರಿಸಲಾಯಿತು. ಆದರೆ ಈ ರಿಯಾಯತಿ ವಾಯಿದೆಯೊಳಗೆ ಕಟ್ಟಿದವರಿಗೆ ಮಾತ್ರ.

ಇದನ್ನು ನೂರಾರು ಸದಸ್ಯರಿಗೆ ತಿಳಿಹೇಳಿದ ನಾನೇ ಎರಡನೆಯ ವರ್ಷ ಎಡವಿದೆ. ತಂಗಿಯ ಮಗಳ ಮದುವೆ ಬಂತು. ಸೋದರಮಾವನ ಮುಯ್ಯಿ ಕಡಿಮೆಯಾಗಬಾರದೆಂದು ಸಾಲದ ಹಣಕ್ಕೆ ಕೈಹಾಕಿದೆ. ವಾಯಿದೆ ತಪ್ಪಿದ್ದು ಹನ್ನೊಂದು ದಿನ. ಕಟ್ಟಿದ್ದು ವರ್ಷದ ಪೂರ್ತಿ ಬಡ್ಡಿ. ಆ ಪುಟದಲ್ಲಿ ಕೆಂಪು ಶಾಯಿಯಿಂದ ಬರೆದದ್ದು ಈಗಲೂ ಇದೆ. ಹರಿದು ಹಾಕಿಲ್ಲ.

ಎರಡನೆಯ ಸ್ಥಾನ ಅತಿ ಹೆಚ್ಚು ಬಡ್ಡಿಯ ಸಾಲಕ್ಕೆ. ನೂರಕ್ಕೆ ಎರಡು ರೂಪಾಯಿ ಎಂದರೆ ಕಿವಿಗೆ ಹಗುರ. ಆದರೆ ಅದು ತಿಂಗಳ ಲೆಕ್ಕ. ವರ್ಷಕ್ಕೆ ಶೇಕಡಾ 24. ನನ್ನ 1,20,000ಕ್ಕೆ ವರ್ಷಕ್ಕೆ 28,800 ಬಡ್ಡಿಯೇ ಆಗುತ್ತಿತ್ತು. ವರ್ಷಕ್ಕೆ 40,000ದಂತೆ ಅಸಲು ಇಳಿಸಿದಾಗ ಎರಡನೆಯ ವರ್ಷ ಬಡ್ಡಿ 19,200, ಮೂರನೆಯ ವರ್ಷ 9,600. ಮೂರು ವರ್ಷಕ್ಕೆ ಒಟ್ಟು 57,600. ಅಸಲು ಮುಟ್ಟದೆ ಬಡ್ಡಿಯನ್ನಷ್ಟೇ ಕಟ್ಟುತ್ತಾ ಹೋಗಿದ್ದರೆ 86,400 ತೆತ್ತು, ಅಸಲು ಹಾಗೆಯೇ ಉಳಿಯುತ್ತಿತ್ತು. 2020ರ ಯುಗಾದಿಗೆ ಕೈಸಾಲ ಮುಗಿಯಿತು.

ಮಂಡಿಯ ಮುಂಗಡಕ್ಕೆ ಬಡ್ಡಿ ಇಲ್ಲವೆನ್ನುತ್ತಾರೆ. ಅದರ ಬಡ್ಡಿ ಇರುವುದು ನಮ್ಮ ಸ್ವಾತಂತ್ರ್ಯದಲ್ಲಿ. ಮುಂಗಡ ತಂದವನು ಬೆಲೆ ಬಿದ್ದ ದಿನವೂ ಅಲ್ಲಿಗೇ ಕೊಬ್ಬರಿ ಹಾಕಬೇಕು. ಪ್ರತಿ ಸಲದ ಮಾಲಿನಲ್ಲಿ 5,000ದಂತೆ ಹತ್ತು ಸಲ ಮುರಿಸಿ ಅದನ್ನು ತೀರಿಸಿದೆ. ಅದರ ಬೆಲೆ ತಿಳಿದದ್ದು 2023ರಲ್ಲಿ. ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ಇದ್ದರೂ ತಿಪಟೂರು ಮಾರುಕಟ್ಟೆಯ ದರ ಅದಕ್ಕಿಂತ ಬಹಳ ಕೆಳಗಿಳಿದಿತ್ತು. ಖರೀದಿ ಕೇಂದ್ರಕ್ಕೆ ಕಾಯಬಲ್ಲವರು ಕಾದರು; ಸಾಲಗಾರರು ಬಂದ ಬೆಲೆಗೆ ಕೊಟ್ಟರು.

ಉಳಿತಾಯವೆಂಬ ಅಟ್ಟ

ಉಳಿತಾಯದ ಪಾಠವನ್ನು ತೆಂಗಿನ ಸೀಮೆಯವರಿಗೆ ಹೊಸದಾಗಿ ಹೇಳಬೇಕಿಲ್ಲ. ಅಟ್ಟಕ್ಕೆ ಹಾಕಿದ ಕಾಯಿ ಉಂಡೆ ಕೊಬ್ಬರಿಯಾಗಲು ಹತ್ತು-ಹನ್ನೊಂದು ತಿಂಗಳು ಬೇಕು. ನಡುವೆ ಹಣ ಬೇಕೆಂದು ಇಳಿಸಿದರೆ ಕೊಬ್ಬರಿಯೂ ಇಲ್ಲ, ಒಳ್ಳೆಯ ಕಾಯಿಯೂ ಇಲ್ಲ. ಹಣವನ್ನೂ ಹೀಗೆ ಅಟ್ಟಕ್ಕೆ ಹಾಕಬೇಕು.

ನನ್ನ ಕ್ರಮ ಸರಳ. ಮಾಲು ಮಾರಿದ ದಿನ, ಹಣ ಮನೆ ಸೇರುವ ಮೊದಲೇ, ಹತ್ತರಲ್ಲೊಂದು ಪಾಲು ಠೇವಣಿಗೆ. ಮನೆಗೆ ಬಂದ ಮೇಲೆ ಉಳಿಸುತ್ತೇನೆಂದವನು ಉಳಿಸಿದ್ದನ್ನು ನಾನು ಕಂಡಿಲ್ಲ. ಮುಂಗಾರಿಗೆ ಮುಂಚಿನ ಗೊಬ್ಬರ, ಜೂನಿನ ಶಾಲಾ ಶುಲ್ಕ, ಪಂಪಿನ ರಿಪೇರಿ ಇವು ಪ್ರತಿ ವರ್ಷ ಬರುವ ಖರ್ಚುಗಳು. ಬರುವುದು ಗೊತ್ತಿದ್ದ ಖರ್ಚಿಗೆ ಸಾಲ ಮಾಡುವುದು ವಿವೇಕವಲ್ಲ.

ಕಾರ್ಯದರ್ಶಿಯಾಗಿ ಇನ್ನೊಂದು ಮಾತನ್ನು ಮರೆಮಾಚದೆ ಹೇಳಬೇಕು. ಬ್ಯಾಂಕುಗಳಲ್ಲಿಟ್ಟ ಠೇವಣಿಗೆ 2020ರಿಂದ 5 ಲಕ್ಷದವರೆಗೆ ವಿಮೆಯ ರಕ್ಷಣೆ ಇದೆ. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಠೇವಣಿಗೆ ಆ ವಿಮೆ ಇಲ್ಲ. ಆದ್ದರಿಂದ ನಮ್ಮ ಸಂಘವೇ ಆಗಲಿ, ಮಹಾಸಭೆಯಲ್ಲಿ ಲೆಕ್ಕ ಪರಿಶೋಧನಾ ವರದಿಯನ್ನು ಓದಿ, ಪ್ರಶ್ನೆ ಕೇಳಿ, ಆಮೇಲೆ ಠೇವಣಿ ಇಡಿರಿ.

ಕಾಫಿ ಬೆಳೆಗಾರ ಮಿತ್ರರಿಗೂ ಈ ಮಾತು ಸಲ್ಲುತ್ತದೆ. ಕಾಫಿ ಮಂಡಳಿಯ ಪೂಲ್ ಪದ್ಧತಿ ಇದ್ದಾಗ ಹಣ ಕಂತುಗಳಲ್ಲಿ ಬರುತ್ತಿತ್ತು. ತಡವಾಗುತ್ತದೆಂದು ಬೈದವರೂ ಆ ಕಾರಣದಿಂದಲೇ ಸ್ವಲ್ಪ ಉಳಿಸಿದ್ದುಂಟು. 1996ರಲ್ಲಿ ಪೂರ್ಣ ಮುಕ್ತ ಮಾರಾಟ ಬಂದ ಮೇಲೆ ಹಣ ಒಮ್ಮೆಗೇ ಕೈಗೆ ಬರುತ್ತದೆ. ಕಂತು ಮಾಡುವ ಕೆಲಸ ಈಗ ನಮ್ಮದೇ. 2025ರಲ್ಲಿ ಕೊಬ್ಬರಿ ಕ್ವಿಂಟಲ್‌ಗೆ 20,000 ದಾಟಿದಾಗ ನಮ್ಮಲ್ಲಿ ಹಲವರು ಹಳೆಯ ಸಾಲ ಇಟ್ಟುಕೊಂಡೇ ಹೊಸ ವಾಹನದ ಸಾಲಕ್ಕೆ ಸಹಿ ಹಾಕಿದರು. ಒಳ್ಳೆಯ ಬೆಲೆಯ ವರ್ಷ ಸಾಲ ತೀರಿಸುವ ವರ್ಷವೆಂಬುದನ್ನು ಮರೆಯಬಾರದು.

ಓದು ಏಕೆ?

"ಸಾಲ, ಉಳಿತಾಯ ಸರಿ, ಸೆಕ್ರೆಟ್ರಿಗಳೇ, ಲೆಕ್ಕದ ಪುಸ್ತಕದಲ್ಲಿ ಓದು ಯಾಕೆ?" ಎಂದು ಹಿರಿಯ ಸದಸ್ಯರೊಬ್ಬರು ಕೇಳಿದ್ದರು. ಉತ್ತರವನ್ನು ಲೆಕ್ಕದಲ್ಲೇ ಕೊಡುತ್ತೇನೆ. ವರ್ಷಗಟ್ಟಲೆ ನಾನು ತೆಂಗಿಗೆ ಯೂರಿಯಾ, ಡಿ.ಎ.ಪಿ. ಎರಡನ್ನೇ ಸುರಿಯುತ್ತಿದ್ದೆ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಶಿಫಾರಸನ್ನು ಓದಿದಾಗ ಕಣ್ಣು ತೆರೆಯಿತು. ಫಲ ಕೊಡುವ ಒಂದು ಮರಕ್ಕೆ ವರ್ಷಕ್ಕೆ ಸಾರಜನಕ 500 ಗ್ರಾಂ, ರಂಜಕ 320 ಗ್ರಾಂ, ಪೊಟ್ಯಾಷ್ 1,200 ಗ್ರಾಂ. ತೆಂಗು ಹೆಚ್ಚು ಕೇಳುವುದು ಪೊಟ್ಯಾಷನ್ನು. ನಾನು ಕೊಡದೆ ಇದ್ದದ್ದೂ ಅದನ್ನೇ! ಮಣ್ಣು ಪರೀಕ್ಷೆ ಮಾಡಿಸಿ ಗೊಬ್ಬರ ಬದಲಿಸಿದೆ. ಸಾಲದ ಪತ್ರಕ್ಕೆ ಸಹಿ ಹಾಕುವ ಮುನ್ನ ಓದುವುದೂ ಓದೇ.

ಓದೆಂದರೆ ಕೃಷಿ ಮಾತ್ರವಲ್ಲ. 'ಭಾರತೀಯ ಕಾವ್ಯಮೀಮಾಂಸೆ' ಬರೆದ ತೀ.ನಂ. ಶ್ರೀಕಂಠಯ್ಯನವರು 1906ರಲ್ಲಿ ಹುಟ್ಟಿದ್ದು ನಮ್ಮದೇ ತಾಲ್ಲೂಕಿನ ತೀರ್ಥಪುರದಲ್ಲಿ. ಅಂಥ ನೆಲದವರ ಮನೆಯಲ್ಲಿ ಪುಸ್ತಕವಿಲ್ಲದಿರುವುದು ಶೋಭೆಯಲ್ಲ. ಖರ್ಚೂ ಇಲ್ಲ, ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಿವೆ. ನನ್ನ ಗುರಿ ರಾತ್ರಿಗೆ ಹತ್ತು ಪುಟ, ವರ್ಷಕ್ಕೆ ಹನ್ನೆರಡು ಪುಸ್ತಕ. ಹೆಚ್ಚೆಂದರೆ ಒಂಬತ್ತು ಮುಟ್ಟಿದ್ದೇನೆ. ಅಡಿಕೆ ಬೇಯಿಸುವ ತಿಂಗಳುಗಳಲ್ಲಿ ಆ ಕಾಲಂ ಖಾಲಿಯೇ ಉಳಿಯುತ್ತದೆ. ಖಾಲಿ ಬಿಟ್ಟದ್ದೂ ಲೆಕ್ಕವೇ. ಮುಂದಿನ ಅಮಾವಾಸ್ಯೆಗೆ ಮತ್ತೆ ಹಿಡಿಯುತ್ತೇನೆ.

ಇದು ಹೊಸ ವಿಚಾರವಲ್ಲ

1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ನಾಡಿನ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಅದಕ್ಕೆ ಸುಮಾರು ನಲವತ್ತು ವರ್ಷ ಹಿಂದೆ, 1864ರಲ್ಲಿ, ಜರ್ಮನಿಯ ಹೆಡೆಸ್‌ಡಾರ್ಫಿನಲ್ಲಿ ರೈಫೈಸನ್ ಇಂಥದೇ ಕೆಲಸ ಮಾಡಿದ್ದರು. ಬಡ್ಡಿ ವ್ಯಾಪಾರಿಯಿಂದ ರೈತನನ್ನು ಬಿಡಿಸುವುದು ಇಬ್ಬರ ಉದ್ದೇಶ. ಸದಸ್ಯನ ಉಳಿತಾಯ ಮತ್ತು ಸದಸ್ಯನ ನಡತೆ ಇಬ್ಬರ ಬಂಡವಾಳ. ಸಂಘ ಸಾಲ ಕೊಡಬಲ್ಲದು. ಲೆಕ್ಕ ಇಡುವ ಅಭ್ಯಾಸವನ್ನು ಮಾತ್ರ ಅವರವರ ಮನೆಯಲ್ಲೇ ಬೆಳೆಸಬೇಕು.

2021ರ ದೀಪಾವಳಿಗೆ ಒಡವೆ ಸಾಲ ತೀರಿಸಿ ಎರಡೆಳೆ ಸರವನ್ನು ಮನೆಗೆ ತಂದೆ. ನನ್ನಾಕೆ ಅದನ್ನು ಕೊರಳಿಗೆ ಹಾಕಿಕೊಳ್ಳುವ ಮೊದಲು ಪುಸ್ತಕ ತರಿಸಿ, ಆ ಸಾಲಿನ ಮೇಲೆ ತಾನೇ ಗೀಟು ಎಳೆದಳು. ಬೆಳೆ ಸಾಲ ಈಗಲೂ ವರ್ಷ ವರ್ಷ ತರುತ್ತೇನೆ, ವಾಯಿದೆಯೊಳಗೆ ಕಟ್ಟುತ್ತೇನೆ.

ಬರುವ ಅಮಾವಾಸ್ಯೆಯಂದು ತಾವೂ ಒಂದು ಪುಸ್ತಕ ತೆರೆಯಿರಿ. ಮೊದಲ ಪುಟ ಬರೆಯುವುದು ಕಷ್ಟ, ಕೈ ನಡುಗುವುದುಂಟು. ಬೇಕಾದವರು ಸಂಘದ ಕಚೇರಿಗೆ ಬಂದರೆ ನನ್ನ ಪುಸ್ತಕವನ್ನೇ ತೋರಿಸುತ್ತೇನೆ, ಕೆಂಪು ಶಾಯಿಯ ಪುಟ ಸಹಿತ.