ಕೀಲಿಮಣೆಯ ಮೇಲೊಂದು ಹುಲಿಮನೆ

ಕರಡು ಪ್ರತಿ ಬಂದಾಗ ಮೊದಲ ಪುಟದಲ್ಲಿ ಚದುರಂಗದ ಮಣೆಯೇ ಇರಲಿಲ್ಲ. ಅದರ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ಹತ್ತು ಸಾಲು ಕೂತಿದ್ದವು. ಮೊದಲ ಸಾಲಿನಲ್ಲಿ ಒಂದು, ಆಮೇಲೆ ಎಂಟು ಸಲ ಎರಡು, ಕೊನೆಗೆ ಮೂರು. ಎರಡನೆಯದರಲ್ಲಿ ನಾಲ್ಕು, ಸಣ್ಣ ಟಿ, ದೊಡ್ಡ ಎಂ, ಸಣ್ಣ ವಿ, ದೊಡ್ಡ ಡಬ್ಲ್ಯೂ... ಹೀಗೆ. ಪ್ರೆಸ್ಸಿನವರು ಫೋನ್ ಮಾಡಿ, "ಮೇಷ್ಟ್ರೆ, ಇದು ಯಾವ ಮಂತ್ರ?" ಎಂದು ಕೇಳಿದರು.

ಶಿಕಾರಿಪುರ ಮತ್ತು ಸೊರಬದ ಮಕ್ಕಳ ಬೇಸಿಗೆ ಶಿಬಿರಕ್ಕೆಂದು ಎಂಟು ಪುಟದ ಪುಸ್ತಿಕೆ ಮಾಡುವ ಹುಚ್ಚು ಹತ್ತಿತ್ತು ನನಗೆ. ಮೊದಲರ್ಧ ಚದುರಂಗ, ಉಳಿದರ್ಧ ನಮ್ಮ ಜಗಲಿಯ ಆಟಗಳು. ಶಿಕಾರಿಪುರದ ಒಂದು ಡಿಟಿಪಿ ಅಂಗಡಿಯಲ್ಲಿ ಹುಡುಗನ ಪಕ್ಕ ಸ್ಟೂಲ್ ಹಾಕಿಕೊಂಡು ಕೂತು ಎರಡು ಮಧ್ಯಾಹ್ನ ಕಳೆದಿದ್ದೆ. ಅಲ್ಲಿ ಪರದೆಯ ಮೇಲೆ ಕಾಯಿಗಳು ಚೆಂದವಾಗಿ ಸಾಲುಗಟ್ಟಿ ನಿಂತಿದ್ದವು. ಫೈಲು ಬೇರೆ ಊರಿಗೆ ಹೋಯಿತು, ಫಾಂಟು ಇಲ್ಲೇ ಉಳಿಯಿತು. ಬಣ್ಣ ಕಳಚಿದ ಮೇಲೆ ವೇಷದೊಳಗಿನ ಮನುಷ್ಯ ಕಂಡಂತೆ ಆಯಿತು.

ಆ ವೇಷ ಕಟ್ಟುವ ಕ್ರಮ ಸ್ವಾರಸ್ಯವಾಗಿದೆ. ನಾವು ಬಳಸಿದ ಫಾಂಟಿನ ಹೆಸರು ಚೆಸ್ ಮೆರಿಡಾ. ಇದರಲ್ಲಿ ಅಕ್ಷರಗಳೇ ಇಲ್ಲ. ಒಂದೊಂದು ಕೀಲಿಗೂ ಮಣೆಯ ಒಂದೊಂದು ಚೌಕ. ಇಂಗ್ಲಿಷಿನಲ್ಲಿ ರಾಜನಿಗೆ ಕೆ, ಮಂತ್ರಿಗೆ ಕ್ಯೂ, ಆನೆಗೆ ಆರ್, ಒಂಟೆಗೆ ಬಿ, ಕುದುರೆಗೆ ಎನ್, ಕಾಲಾಳಿಗೆ ಪಿ ಎನ್ನುವ ರೂಢಿಯಿದೆಯಲ್ಲ, ಬಿಳಿ ಪಡೆಗೆ ಅವೇ ಕೀಲಿಗಳು. ಕರಿ ಪಡೆಗೆ ಎಲ್, ಡಬ್ಲ್ಯೂ, ಟಿ, ವಿ, ಎಂ, ಓ. ಇದೇನು ಬಾದರಾಯಣ ಸಂಬಂಧ ಎಂದು ತಲೆ ಕೆರೆದುಕೊಂಡೆ. ಆಮೇಲೆ ಕೀಲಿಮಣೆ ನೋಡಿದರೆ ಕೆ ಪಕ್ಕದಲ್ಲೇ ಎಲ್, ಕ್ಯೂ ಪಕ್ಕ ಡಬ್ಲ್ಯೂ, ಆರ್ ಪಕ್ಕ ಟಿ, ಬಿ ಪಕ್ಕ ವಿ, ಎನ್ ಪಕ್ಕ ಎಂ, ಪಿ ಪಕ್ಕ ಓ. ಬಿಳಿ ಕಾಯಿಯ ಮಗ್ಗುಲ ಮನೆಯಲ್ಲೇ ಅದರ ಕರಿ ಜೋಡಿ! ಶಿಫ್ಟ್ ಒತ್ತಿ ಹಿಡಿದರೆ ಅದೇ ಕಾಯಿ ಕಪ್ಪು ಚೌಕದ ಮೇಲೆ ಬಂದು ಕೂರುತ್ತದೆ. ಖಾಲಿ ಬಿಳಿ ಚೌಕಕ್ಕೆ ಸ್ಪೇಸ್ ಬಾರ್, ಖಾಲಿ ಕಪ್ಪು ಚೌಕಕ್ಕೆ ಕೂಡುವ ಚಿಹ್ನೆ. ಅಂಕಿಗಳೆಲ್ಲ ಸುತ್ತಲ ಅಂಚಿಗೆ.

ನಾನು ಗಣಿತದ ಮೇಷ್ಟ್ರಾಗಿದ್ದವನು, ಎಣಿಸದೆ ಇರಲಾರೆ. 6 ಬಗೆಯ ಕಾಯಿ, 2 ಪಡೆ, 2 ಬಣ್ಣದ ಚೌಕ: ಗುಣಿಸಿದರೆ 24. ಜೊತೆಗೆ 2 ಖಾಲಿ ಚೌಕ. ಒಟ್ಟು 26. ಇಂಗ್ಲಿಷ್ ವರ್ಣಮಾಲೆಗೆ ಸರಿಸಮ. ಸೀಸದ ಮೊಳೆಗಳ ಕಾಲದಲ್ಲೂ ಚದುರಂಗದ ಪುಸ್ತಕ ಅಚ್ಚು ಹಾಕುವವರು ಇಂಥ ಚೌಕ ಮೊಳೆಗಳನ್ನೇ ಇಟ್ಟುಕೊಂಡು ಒಂದೊಂದಾಗಿ ಜೋಡಿಸುತ್ತಿದ್ದರು. ಫಾಂಟು ಮಾಡಿದವರು ಆ ಮೊಳೆಪೆಟ್ಟಿಗೆಯನ್ನು ಹಾಗೇ ಎತ್ತಿ ಕೀಲಿಮಣೆಗೆ ಸುರಿದಿದ್ದಾರೆ, ಅಷ್ಟೆ. ಯೂನಿಕೋಡಿನಲ್ಲೂ ಚದುರಂಗದ 12 ಕಾಯಿಗಳಿವೆ. ಆದರೆ ಅವು ಬರೀ ಕಾಯಿಗಳು, ಕಾಲಡಿಗೆ ಚೌಕವಿಲ್ಲ. ನಡೆಗಳನ್ನು ಸಾಲಿನಲ್ಲಿ ಬರೆಯಲು ಸಾಕು, ಮಣೆ ಕಟ್ಟಲು ಸಾಲದು.

ಕಟ್ಟುವಾಗಿನ ಪಡಿಪಾಟಲು ಬೇರೆಯೇ. ಅಕ್ಷರದ ಗಾತ್ರ 24 ಪಾಯಿಂಟ್ ಇಟ್ಟರೆ ಲೀಡಿಂಗ್ ಕೂಡ 24 ಇರಬೇಕು. ಒಂದು ಪಾಯಿಂಟ್ ಹೆಚ್ಚಾದರೂ ಸಾಲುಸಾಲಿನ ನಡುವೆ ಬಿಳಿ ಬಿರುಕು, ಬೇಸಿಗೆಯ ಕೆರೆಯಂಗಳದ ಹಾಗೆ. ಎರಡೂ ಬದಿ ಸಮ ಬರಲಿ ಎಂದು ಜಸ್ಟಿಫೈ ಒತ್ತಿದಿರೋ, ಸ್ಪೇಸ್ ಬಾರಿನಿಂದ ಹುಟ್ಟಿದ ಬಿಳಿ ಚೌಕಗಳೆಲ್ಲ ಅಗಲವಾಗಿ ಮಣೆಯ ಬಲ ಅಂಚು ಸೊಟ್ಟಗಾಗುತ್ತದೆ. ಕಂಪ್ಯೂಟರಿನ ಕಾಗುಣಿತ ಪಂಡಿತ ಇಡೀ ಸೇನೆಯನ್ನೇ ತಪ್ಪು ಇಂಗ್ಲಿಷ್ ಎಂದು ಬಗೆದು ಕುದುರೆ, ಒಂಟೆಗಳ ಕಾಲ ಕೆಳಗೆ ಕೆಂಪು ಗೀಟು ಎಳೆಯುತ್ತಾನೆ. ಕನ್ನಡ ಟೈಪು ಮಾಡುವ ನುಡಿ ತಂತ್ರಾಂಶ ಆನ್ ಆಗಿದ್ದರಂತೂ ಮುಗಿಯಿತು. ಸ್ಕ್ರೋಲ್ ಲಾಕ್ ಒತ್ತಿ ಇಂಗ್ಲಿಷಿಗೆ ಬಂದಿದ್ದೇವೆಯೇ ಎಂದು ಪ್ರತಿ ಸಲ ನೋಡಿಕೊಳ್ಳಬೇಕು.

ಇಷ್ಟೆಲ್ಲ ನಾನು ಬೆರಗಾಗಿ ಹೇಳುತ್ತಿದ್ದರೆ ಅಂಗಡಿಯ ಹುಡುಗನ ಮುಖದಲ್ಲಿ ಯಾವ ಬೆರಗೂ ಇಲ್ಲ. "ನಾವು ದಿನಾ ಮಾಡೋದು ಇದೇ ಅಲ್ವಾ ಸರ್" ಎಂದ. ಹೌದಲ್ಲ! 1998ರಲ್ಲಿ ಬರಹ ತಂತ್ರಾಂಶ, ಅದರ ಹಿಂದೆಯೇ ಕನ್ನಡ ಗಣಕ ಪರಿಷತ್ತಿನ ನುಡಿ ಬಂದು ಊರೂರಿನ ಲಗ್ನಪತ್ರಿಕೆ, ಕರಪತ್ರಗಳನ್ನು ಹಿಡಿದುಕೊಂಡ ಕಾಲದಿಂದಲೂ ಕನ್ನಡ ಡಿಟಿಪಿ ನಡೆದಿರುವುದು ಇದೇ ಉಪಾಯದ ಮೇಲೆ. ಆ ಫಾಂಟುಗಳ ಹೊಟ್ಟೆಯಲ್ಲಿರುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತ. ಮೈಮೇಲೆ ಮಾತ್ರ ಕನ್ನಡದ ಚೂರುಗಳು. ಸ್ತ್ರೀ ಎಂದು ಬರೆಯಬೇಕೆಂದರೆ ಸಿ ಒಂದು ಚೂರು, ತ ಒತ್ತು ಒಂದು, ರ ಒತ್ತು ಒಂದು, ದೀರ್ಘ ಒಂದು. ನಾಲ್ಕನ್ನೂ ಪಕ್ಕಪಕ್ಕ ಕೂರಿಸಿದರೆ ಸ್ತ್ರೀ. ಟೈಪು ಮಾಡುವ ಬೆರಳಿಗೆ ಇದು ತಿಳಿಯುವುದಿಲ್ಲ, ತಂತ್ರಾಂಶ ಒಳಗೊಳಗೇ ಜೋಡಿಸಿಬಿಡುತ್ತದೆ. ಆದರೆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ಆ ಫೈಲು ತೆರೆದು ನೋಡಿ. ನೆತ್ತಿಯ ಮೇಲೆ ಟೊಪ್ಪಿ ಹೊತ್ತ ಎ, ಪೌಂಡಿನ ಗುರುತು, ಪ್ಯಾರಾ ಗುರುತು ಎಲ್ಲ ಸಂತೆಗೆ ಬಂದಂತೆ ಬಂದು ನಿಲ್ಲುತ್ತವೆ. ಕನ್ನಡದ ಮಟ್ಟಿಗೆ ಯೂನಿಕೋಡ್ ಬಂದು ಈ ಕಾಯಿಲೆ ಇಳಿಮುಖವಾಯಿತು. ನನ್ನ ಚದುರಂಗಕ್ಕೆ ಇನ್ನೂ ಇಳಿದಿಲ್ಲ. ಮದ್ದು ಹುಡುಗನಿಗೆ ಗೊತ್ತಿತ್ತು. ಎಲ್ಲ ಮಣೆಗಳನ್ನೂ ಆಯ್ದು "ಕರ್ವ್" ಮಾಡಿದ. ಅಂದರೆ ಅಕ್ಷರವೆಂಬ ನೆನಪನ್ನೇ ಅಳಿಸಿ ಬರೀ ಗೆರೆಗಳಾಗಿಸಿದ. ಇನ್ನು ಅದನ್ನು ತಿದ್ದುವ ಹಾಗಿಲ್ಲ, ಆದರೆ ಎಲ್ಲಿಗೆ ಹೋದರೂ ಕುದುರೆ ಕುದುರೆಯೇ.

ಇಲ್ಲೊಂದು ಪಕ್ಕದ ಮಾತು. ಶಿಕಾರಿಪುರ, ಸೊರಬ ತಾಲ್ಲೂಕುಗಳಿಗೂ ಅಕ್ಷರ ಕೂರಿಸುವ ಕಷ್ಟಕ್ಕೂ ಹಳೆಯ ನಂಟು. ಶಿರಾಳಕೊಪ್ಪದ ಪಕ್ಕದ ತಾಳಗುಂದದಲ್ಲಿ 5ನೇ ಶತಮಾನದ ಕಂಬವಿದೆ, ಕುಬ್ಜ ಕವಿಯ ಕಾವ್ಯ ಹೊತ್ತು ನಿಂತದ್ದು. ಸಾಲುಗಳು ಅಡ್ಡಡ್ಡ ಅಲ್ಲ, ಕಂಬದ ಉದ್ದಕ್ಕೆ ಹರಿದಿವೆ. ಬಿ.ಎಲ್. ರೈಸ್ ಶಾಸನಗಳನ್ನು ಅಚ್ಚು ಹಾಕಿಸಿದಾಗ ಶಿಕಾರಿಪುರದವು ಎಪಿಗ್ರಾಫಿಯಾ ಕರ್ನಾಟಿಕದ 7ನೇ ಸಂಪುಟಕ್ಕೆ, ಸೊರಬದವು 8ನೆಯದಕ್ಕೆ ಹೋದವು. 1902 ಮತ್ತು 1904ರ ಮಾತು. ಹಳಗನ್ನಡದ ಱ ಮತ್ತು ೞ ಆ ಕಲ್ಲುಗಳ ತುಂಬ ಇವೆ. ಅವು ಕಂಪ್ಯೂಟರಿಗೆ ಬಂದ ಕಥೆ ಕೇಳಿ. ೞ ಅಕ್ಷರಕ್ಕೆ ಯೂನಿಕೋಡಿನಲ್ಲಿ ತಪ್ಪಾಗಿ "ಫ" ಎಂದು ಹೆಸರಿಟ್ಟುಬಿಟ್ಟರು. ಒಮ್ಮೆ ಇಟ್ಟ ಹೆಸರು ಬದಲಿಸುವಂತಿಲ್ಲ ಎಂಬುದು ಅಲ್ಲಿಯ ನೇಮ, ಹಾಗಾಗಿ ತಿದ್ದುಪಡಿಯನ್ನು ಉಪನಾಮವಾಗಿ ಸೇರಿಸಿದ್ದಾರೆ. ಚೂರು ಯಾವುದು, ಅದರ ಹೆಸರು ಯಾವುದು ಎಂಬ ಗೊಂದಲ ಚದುರಂಗದ ಫಾಂಟಿಗಷ್ಟೇ ಸೀಮಿತವಲ್ಲ.

ಚದುರಂಗದ ಪುಟಗಳು ಹೇಗೋ ಮುಗಿದವು. ನಡೆಗಳನ್ನು ಕನ್ನಡದ ಮೊದಲಕ್ಷರದಿಂದ ಸೂಚಿಸೋಣ ಎಂದು ಹೊರಟಾಗ ರಾಜನೂ ರಾ, ರಾಣಿಯೂ ರಾ. ನಮ್ಮ ಹಿರಿಯರು ರಾಣಿಯನ್ನು ಮಂತ್ರಿ ಎಂದದ್ದೇ ಒಳ್ಳೆಯದಾಯಿತು: ರಾ, ಮಂ, ಆ, ಒಂ, ಕು, ಕಾ. ಯಾವುದೂ ಯಾವುದಕ್ಕೂ ಡಿಕ್ಕಿ ಹೊಡೆಯುವುದಿಲ್ಲ. ಕುದುರೆಯ ಮಾತು ಬಂದಾಗ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಬಿಡುವಂತಿಲ್ಲ. ಅವರ ಶ್ರೀತತ್ತ್ವನಿಧಿ ಗ್ರಂಥದ ಒಂಬತ್ತು ನಿಧಿಗಳಲ್ಲಿ ಕೊನೆಯದು ಕೌತುಕನಿಧಿ, ಅದರಲ್ಲಿರುವುದು ಆಟಗಳೇ. 12ಕ್ಕೆ 12 ಮನೆಯ ಮಣೆಯಲ್ಲಿ ಕುದುರೆ ಪ್ರತಿ ಮನೆಯನ್ನೂ ಒಂದೇ ಸಲ ಮೆಟ್ಟಿ 144 ಮನೆ ಸುತ್ತಬೇಕು. ಮೆಟ್ಟಿದ ಕ್ರಮದಲ್ಲಿ ಅಂಕಿ ಬರೆದರೆ ಯಾವ ಸಾಲು ಕೂಡಿದರೂ 870 ಬರಬೇಕು. ಅದನ್ನು ಸಾಧಿಸಿ ತೋರಿಸಿದವರು ಅವರು. ಇದಕ್ಕೆ ಚಿತ್ರದ ಫಾಂಟು ಬೇಡ, ಅಂಕಿ ಸಾಕು ಎಂದುಕೊಂಡು ಕನ್ನಡ ಅಂಕಿಗಳಲ್ಲಿ ಹಾಕಿಸಿದೆ. ಒಂದೊಂದು ಅಂಕಿಯದು ಒಂದೊಂದು ಅಗಲ, ಕಾಲಮ್ಮುಗಳು ಹಾವಿನ ಹಾಗೆ ನುಲಿದವು. ಕೊನೆಗೆ ಕೋಷ್ಟಕ ಮಾಡಿ ಒಂದೊಂದು ಮನೆಯಲ್ಲಿ ಒಂದೊಂದು ಅಂಕಿಯನ್ನು ಕಟ್ಟಿಹಾಕಬೇಕಾಯಿತು.

ಚೌಕಾಬಾರ ಸುಲಭ. 5ಕ್ಕೆ 5, 25 ಮನೆ. ಅದರಲ್ಲಿ ನಾಲ್ಕು ಬದಿಯ ನಡುಮನೆ ಮತ್ತು ಒಳಗಿನ ನಟ್ಟನಡುವಿನ ಮನೆಗೆ ಕತ್ತರಿ ಗುರುತು. ಈ ಮಣೆ ಬರೆಯುವಾಗ ಹೊಳೆದದ್ದನ್ನು ಹೇಳದೆ ಇರಲಾರೆ. ನಮ್ಮ ವರ್ಗೀಯ ವ್ಯಂಜನಗಳೂ 25, ಅವನ್ನು ಬರೆಯುವುದೂ ಐದೈದರ ಐದು ಸಾಲು. ಕ ವರ್ಗವನ್ನು ಮೇಲಿನ ಸಾಲಿಗಿಟ್ಟು ಪ ವರ್ಗದವರೆಗೆ ತುಂಬಿದರೆ ಪ್ರತಿ ಮನೆಗೂ ಒಂದು ಅಕ್ಷರ ಸಿಕ್ಕಿತು. ಕತ್ತರಿ ಮನೆಗಳು ಗ, ಟ, ಣ, ಬ, ನಟ್ಟನಡುವೆ ಡ. "ಬ ಮನೆಯಿಂದ ಹೊರಟ ಕಾಯಿ ಣ ಮನೆಯಲ್ಲಿ ಕಟ್ಟೆ ಹತ್ತಿತು" ಎಂದರೆ ಆಟ ಕಣ್ಣಿಗೆ ಕಟ್ಟುತ್ತದೆ. ಫಾಂಟು ಕಳೆದುಹೋದರೂ ಚಿಂತೆಯಿಲ್ಲ, ಕಕಾರ ಕಲಿತ ಮಗು ಓದಿಕೊಳ್ಳುತ್ತದೆ. ಚೆನ್ನೆಮಣೆಯದೂ ಇಷ್ಟೇ; ಏಳೇಳು ಗುಳಿಗಳ ಎರಡು ಸಾಲು, ಗುಳಿಯಲ್ಲಿ ಎಷ್ಟು ಹುಣಸೆಬೀಜವಿದೆಯೋ ಅಷ್ಟು ಅಂಕಿ.

ಕೈಕೊಟ್ಟದ್ದು ಹುಲಿಮನೆ.

ಹುಲಿಕುರಿ ಆಟದ ಮಣೆಯಲ್ಲಿ ಚೌಕಗಳಿಲ್ಲ, ಗೆರೆಗಳಿವೆ. ಕಾಯಿ ಕೂರುವುದು ಗೆರೆಗಳು ಕೂಡುವಲ್ಲಿ. ಮೇಲೊಂದು ತುದಿ, ಅಲ್ಲಿಂದ ಬೀಸಣಿಗೆಯಂತೆ ಇಳಿಯುವ ನಾಲ್ಕು ಗೆರೆ, ಅವಕ್ಕೆ ಅಡ್ಡಲಾಗಿ ಒಂದು ಉದ್ದನೆಯ ಚೌಕಟ್ಟು. 3 ಹುಲಿ, 15 ಕುರಿ. ಊರಿಂದೂರಿಗೆ ಲೆಕ್ಕ ಬದಲಾಗುವುದುಂಟು. ಹಳೆಯ ಗುಡಿಗಳ ಕಲ್ಲುಹಾಸಿನ ಮೇಲೆ ಯಾರೋ ಬೇಸರ ಕಳೆಯಲು ಕೊರೆದಿಟ್ಟ ಇಂಥ ಮನೆಗಳು ಕರ್ನಾಟಕದುದ್ದಕ್ಕೂ ಸಿಗುತ್ತವೆ. ಕಲ್ಲಿನಲ್ಲಿ ಉಳಿ ಹಿಡಿದವನಿಗೆ ಓರೆಗೆರೆ ಕಷ್ಟವಲ್ಲ. ಕೀಲಿಮಣೆಗೆ ಕಷ್ಟ. ಇಮೋಜಿಯಲ್ಲಿ ಹುಲಿಯಿದೆ, ಕುರಿಯಿದೆ, ಆಡೂ ಇದೆ. ಅವು ಓಡಾಡುವ ಗೆರೆಯಿಲ್ಲ. ಚದುರಂಗಕ್ಕೆ ಜಗತ್ತಿನಲ್ಲಿ ಹತ್ತಾರು ಫಾಂಟುಗಳಿರುವಾಗ ನಮ್ಮ ಹುಲಿಗೊಂದು ಮನೆಯಿಲ್ಲದ್ದು ನನಗೆ ಅವಮಾನವೆನ್ನಿಸಿತು. ಸೀಸದ ಅಚ್ಚಿನ ಕಾಲವಾಗಿದ್ದರೆ ಸೊರಬದ ಗುಡಿಗಾರರಲ್ಲಿ ಯಾರನ್ನಾದರೂ ಹಿಡಿದು ಮರದ ಬ್ಲಾಕ್ ಕೆತ್ತಿಸುತ್ತಿದ್ದೆ. ಗಂಧದ ಪೆಟ್ಟಿಗೆಯ ಮೇಲೆ ಕಾಡನ್ನೇ ಕೆತ್ತುವವರಿಗೆ ಹುಲಿಮನೆ ಯಾವ ಲೆಕ್ಕ?

ಮತ್ತೆ ಎಣಿಸಿದೆ. ಮೇಲಿನ ತುದಿ 1. ಚೌಕಟ್ಟಿನ ಮೂರು ಅಡ್ಡಗೆರೆಗಳಲ್ಲಿ ತಲಾ 6, ಅಂದರೆ 18. ತಳಗೆರೆಯಲ್ಲಿ 4. ಒಟ್ಟು 23 ತಾಣ. ಪ್ರತಿ ತಾಣದ ಸುತ್ತಲಿನ ಗೆರೆಗಳ ವಿನ್ಯಾಸ ಬೇರೆಬೇರೆ, ಆದ್ದರಿಂದ ಚದುರಂಗದಂತೆ ಎರಡು ಬಗೆಯ ಚೌಕದಲ್ಲಿ ಮುಗಿಯುವುದಿಲ್ಲ. ಪ್ರತಿ ತಾಣಕ್ಕೂ ಅದರದೇ ತುಂಡು ಬೇಕು. ಆ ತುಂಡು ಮೂರು ಸ್ಥಿತಿಯಲ್ಲಿರಬಹುದು: ಖಾಲಿ, ಹುಲಿ, ಕುರಿ. 23 ಮೂರಲೆ 69. ಸಾಮಾನ್ಯ ಕೀಲಿಮಣೆಯಿಂದ ಹೊರಡುವ ಗುರುತುಗಳು ಸ್ಪೇಸ್ ಸೇರಿ 95. ಹಿಡಿಯುತ್ತದೆ! ಇಪ್ಪತ್ತಾರು ಮಿಕ್ಕುತ್ತವೆ ಕೂಡ.

ಹುಡುಗನಿಗೂ ಹುರುಪು ಬಂತು. ಫಾಂಟ್‌ಫೋರ್ಜ್ ಎಂಬ ಬಿಟ್ಟಿ ತಂತ್ರಾಂಶ ಇಳಿಸಿಕೊಂಡು ಮಣೆಯನ್ನು ಐದು ಪಟ್ಟಿಗಳಾಗಿ ಕೊಯ್ದ. ಎಲ್ಲ ಪಟ್ಟಿಯ ಒಟ್ಟು ಅಗಲ ಒಂದೇ, ಆದರೆ ಒಳಗಿನ ತುಂಡುಗಳ ಅಗಲ ಬೇರೆಬೇರೆ. ಓರೆಗೆರೆ ಕೆಳಗಿಳಿದಂತೆ ತಾಣಗಳು ದೂರವಾಗುತ್ತವಲ್ಲ. ಒಂದು ತುಂಡಿನಲ್ಲಿ ಮುಗಿದ ಗೆರೆ ಕೆಳಗಿನ ತುಂಡಿನಲ್ಲಿ ಅದೇ ಕೋನದಲ್ಲಿ ಶುರುವಾಗಬೇಕು. ಕೂದಲೆಳೆ ತಪ್ಪಿದರೂ ಗೆರೆ ಮುರಿದಂತೆ ಕಾಣುತ್ತದೆ. ಕರೆಂಟು ಹೋದಾಗಲೆಲ್ಲ ಹಾಳೆಯ ಮೇಲೆ ಸ್ಕೇಲು ಹಿಡಿದು ನಾನು ಅಳೆದೆ. ಕುರಿಗೆ ಸಣ್ಣಕ್ಷರ, ಹುಲಿಗೆ ಅದೇ ದೊಡ್ಡಕ್ಷರ, ಖಾಲಿ ತಾಣಕ್ಕೆ ಅಂಕಿ ಮತ್ತು ಚಿಹ್ನೆಗಳು ಎಂದು ಹಂಚಿದೆವು. ತುದಿಯ ತಾಣ ಎ, ಅಲ್ಲಿಂದ ಕ್ರಮವಾಗಿ ಇಳಿದು ಕೊನೆಯದು ಡಬ್ಲ್ಯೂ. ಹುಲಿಯ ಮುಖ ಬಿಡಿಸಲು ಮೂರು ಸಲ ಹೋಗಿ ಬಂದೆ. ಮೊದಲನೆಯದು ಬೆಕ್ಕಿನಂತಿತ್ತು, ಎರಡನೆಯದು ಬಡವಾದ ಬೆಕ್ಕಿನಂತೆ. ಕೊನೆಗೆ ಪಟ್ಟೆಗಳನ್ನಷ್ಟೇ ಉಳಿಸಿ ಒಂದು ದುಂಡು ಮಾಡಿದೆವು.

ಇಡೀ ಆಟ ಕಟ್ಟಿ ಮೊದಲ ಮುದ್ರಣ ತೆಗೆದದ್ದು ಒಂದು ಶನಿವಾರ ಸಂಜೆ. ಗೆರೆಗಳು ಒಂದಕ್ಕೊಂದು ಕೂಡಿದ್ದವು, ಬಿರುಕಿಲ್ಲ, ಸೊಟ್ಟವಿಲ್ಲ. ಹಾಳೆ ಮಡಚಿ ಜೇಬಿಗಿಟ್ಟುಕೊಂಡು ಮರುದಿನ ಸೊರಬದ ಶಿಬಿರಕ್ಕೆ ಹೋದೆ. ಹುಡುಗರು ಅದನ್ನು ನೆಲದ ಮೇಲೆ ಹರಡಿ, ಸುತ್ತ ಕೂತು, ಕಿಸಕ್ಕೆಂದರು. ಕ್ಯಾಪ್ಸ್ ಲಾಕ್ ಒತ್ತಿದ್ದು ಅಂಗಡಿಯಲ್ಲಿ ಇಬ್ಬರ ಗಮನಕ್ಕೂ ಬಂದಿರಲಿಲ್ಲ. ದೊಡ್ಡಕ್ಷರ ಸಣ್ಣದಾಗಿ, ಸಣ್ಣದು ದೊಡ್ಡದಾಗಿ, ಮಣೆಯ ತುಂಬ 15 ಹುಲಿಗಳು, ನಡುವೆ 3 ಕುರಿ.

ತಿದ್ದಿ ತರುತ್ತೇನೆ ಕೊಡಿ ಎಂದರೆ ಯಾರೂ ಕೊಡಲಿಲ್ಲ. ಹುಣಸೆಬೀಜ ಹುಲಿ, ಬೆಣಚುಕಲ್ಲು ಕುರಿ ಎಂದು ಮಾಡಿಕೊಂಡು ಆಗಲೇ ಆಟ ಹೂಡಿದ್ದರು.