ಒಂದು ಚಕ್ರ ಗಿರಗಿರ, ಇನ್ನೊಂದು ಗಪ್‌ಚಿಪ್

ಕೆಸರಲ್ಲಿ ಹೂತ ಜೀಪಿನ ಒಂದು ಹಿಂಚಕ್ರ ಗಿರಗಿರನೆ ತಿರುಗುತ್ತದೆ. ಗಟ್ಟಿ ನೆಲದ ಮೇಲಿರುವ ಇನ್ನೊಂದು ಅಲ್ಲಾಡುವುದೇ ಇಲ್ಲ. ಏಕೆ?

ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ದೂರ ಓಡಬೇಕು. ಅದಕ್ಕೆಂದೇ ಆಕ್ಸಲ್ ನಡುವಿನ ಗುಂಡು ಡಬ್ಬಿಯೊಳಗೆ ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಜೋಡಣೆ ಇದೆ. ಅದು ಎರಡೂ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುತ್ತದೆ, ಬಲವನ್ನು ಮಾತ್ರ ಸಮನಾಗಿ ಹಂಚುತ್ತದೆ. ಎಡವಟ್ಟಾಗುವುದು ಇಲ್ಲೇ. ಬಾವಿಯ ರಾಟೆಯ ಹಗ್ಗದ ಒಂದು ತುದಿಯನ್ನು ಯಾರೂ ಹಿಡಿಯದಿದ್ದರೆ ಇನ್ನೊಂದು ತುದಿ ಎಷ್ಟೆಳೆದರೂ ಬಿಗಿಯಾಗದು. ಹಾಗೆಯೇ ಜಾರುವ ಚಕ್ರಕ್ಕೆ ಕೆಸರು ಎದುರೊತ್ತು ಕೊಡದಿದ್ದರೆ ಗಟ್ಟಿ ನೆಲದ ಚಕ್ರಕ್ಕೂ ಬಲ ಸಿಗದು. ಆಕ್ಸಿಲರೇಟರ್ ಒತ್ತಿದಷ್ಟೂ ಗುಂಡಿ ಆಳವಾಗುತ್ತದೆ, ಹಿಂದೆ ನಿಂತವರ ಅಂಗಿ ಕೆಸರಾಗುತ್ತದೆ, ಅಷ್ಟೆ. ಕೆಲವು ವಾಹನಗಳಲ್ಲಿ ಲಾಕ್ ಆಗುವ ಡಿಫರೆನ್ಷಿಯಲ್ ಇರುತ್ತದೆ. ಅದು ಎರಡೂ ಚಕ್ರಗಳನ್ನು ಒಂದಾಗಿ ಬಿಗಿಯುವುದರಿಂದ ಹಿಡಿತವಿರುವ ಚಕ್ರವೇ ಗಾಡಿಯನ್ನು ಮೇಲಕ್ಕೆ ತಳ್ಳುತ್ತದೆ. ಸ್ವಿಚ್ಚಿನಿಂದ ಹಾಕುವ ಲಾಕ್ ಆದರೆ ಡಾಂಬರಿಗೆ ಬಂದಕೂಡಲೇ ಬಿಡಿಸಬೇಕು. ಇಲ್ಲದಿದ್ದರೆ ತಿರುವಿನಲ್ಲಿ ಟೈರು ಉಜ್ಜಿ ಸವೆಯುತ್ತದೆ.